ಒಳಗೊಳಗೇ ಕ್ಯಾಲೆಂಡರ್ ನೋಡುವ ಮೆಥಡ್

ಸಹಕಾರ ಸಂಘಗಳ ಸಾಲದ ಲೆಕ್ಕ ನೋಡಿಕೊಳ್ಳುವ ಜಾವಾ ಸಾಫ್ಟ್‌ವೇರ್ ಒಂದರಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಅದರ ಒಂದೇ ಕ್ಲಾಸಿನಲ್ಲಿ ಎರಡು ಸ್ಟ್ಯಾಟಿಕ್ ಮೆಥಡ್‌ಗಳಿದ್ದವು. ಮೊದಲನೆಯದಕ್ಕೆ ಅಸಲು, ದರ, ದಿನ ಕೊಟ್ಟರೆ ಬಡ್ಡಿ ಹೇಳುತ್ತಿತ್ತು. 50,000 ರೂಪಾಯಿಗೆ ವರ್ಷಕ್ಕೆ ಶೇ. 12ರಂತೆ 73 ದಿನಕ್ಕೆ 1,200 ರೂಪಾಯಿ. ಯಾವತ್ತು ಕೇಳಿದರೂ ಅಷ್ಟೇ. ಎರಡನೆಯದು ಸುಸ್ತಿ ಬಡ್ಡಿಯದು. ಅದಕ್ಕೆ ಕಂತಿನ ವಾಯಿದೆ ತಾರೀಕು ಕೊಟ್ಟರೆ ಸಾಕು, ಇವತ್ತಿನ ತಾರೀಕನ್ನು ಲೋಕಲ್‌ಡೇಟ್.ನೌ ಕರೆದು ತಾನೇ ತಿಳಿದುಕೊಳ್ಳುತ್ತಿತ್ತು.

ಬಡ್ಡಿಯ ಮೆಥಡ್ಡನ್ನು ಯಾರೂ ಮುಟ್ಟುವ ಪ್ರಸಂಗವೇ ಬರಲಿಲ್ಲ. ಸುಸ್ತಿಯದು ಮಾತ್ರ ಬಿಡದೆ ಕಾಡಿತು. ಮೂವತ್ತು ದಿನದ ಸುಸ್ತಿಗೆಂದು ಬರೆದ ಟೆಸ್ಟ್ ಮರುದಿನ ಫೇಲ್, ಏಕೆಂದರೆ ಆಗಲೇ ಮೂವತ್ತೊಂದು ದಿನ ಆಗಿರುತ್ತದೆ! ಫೆಬ್ರವರಿ 29ರಂದು ಏನಾಗುತ್ತದೆಂದು ನೋಡಲು ಕಂಪ್ಯೂಟರಿನ ತಾರೀಕನ್ನೇ ಬದಲಿಸಬೇಕಿತ್ತು. ಕೊನೆಗೆ ಲೆಕ್ಕದ ತಾರೀಕನ್ನೂ ಆರ್ಗ್ಯುಮೆಂಟ್ ಮಾಡಿದೆವು. ಮೆಥಡ್ ಸ್ಟ್ಯಾಟಿಕ್ ಆಗಿಯೇ ಉಳಿಯಿತು, ತೊಂದರೆ ಹೋಯಿತು.

ಹಾಗಾಗಿ ಸ್ಟ್ಯಾಟಿಕ್ ಎಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಗೆ ವಿರುದ್ಧ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳುವ ಮ್ಯಾಥ್.ಮ್ಯಾಕ್ಸ್‌ಗೆ ಆಬ್ಜೆಕ್ಟ್ ಯಾಕೆ ಬೇಕು? ಹೊಸ ಆಬ್ಜೆಕ್ಟ್ ಕಟ್ಟಿಕೊಡಲೂ ಸ್ಟ್ಯಾಟಿಕ್ ಮೆಥಡ್ ಒಳ್ಳೆಯದೇ. ಜೋಶುವಾ ಬ್ಲಾಕ್ ತಮ್ಮ 'ಇಫೆಕ್ಟಿವ್ ಜಾವಾ' (2001) ಪುಸ್ತಕದ ಮೊದಲ ಸಲಹೆಯನ್ನೇ ಇದಕ್ಕೆ ಮೀಸಲಿಟ್ಟಿದ್ದಾರೆ. ಕೊಟ್ಟದ್ದರಿಂದಲೇ ಉತ್ತರ ಬರುತ್ತದೆಯೇ, ಇಲ್ಲ ಕೊಡದೇ ಇದ್ದದ್ದನ್ನೂ ಕದ್ದು ನೋಡುತ್ತದೆಯೇ? ನಾನು ಮೊದಲು ಕೇಳುವುದು ಇಷ್ಟನ್ನೇ. ಗಡಿಯಾರ, ಡೇಟಾಬೇಸ್, ಫೈಲ್ ಇವುಗಳ ಕಡೆ ಕೈಚಾಚುವ ಸ್ಟ್ಯಾಟಿಕ್ ಮೆಥಡ್ ಕಂಡರೆ ಅಲ್ಲೇ ನಿಲ್ಲುತ್ತೇನೆ.

ಇನ್ನೊಂದು ಸಂಗತಿ ನಿಧಾನವಾಗಿ ತಲೆಯೆತ್ತಿತು. ಒಂದು ಸಂಘ ವಾಯಿದೆ ದಾಟಿದ ಮೇಲೂ ಕೆಲವು ದಿನ ರಿಯಾಯಿತಿ ಕೊಡುತ್ತಿತ್ತು, ಇನ್ನೊಂದು ಪೈಸೆಗಳನ್ನು ರೂಪಾಯಿಗೆ ಸರಿದೂಗಿಸುತ್ತಿತ್ತು. ಸುಸ್ತಿ ಮೆಥಡ್ಡಿನೊಳಗೆ ಸಂಘಕ್ಕೊಂದು ಇಫ್ ಸೇರುತ್ತಾ ಹೋಯಿತು. ಜಾವಾದಲ್ಲಿ ಸ್ಟ್ಯಾಟಿಕ್ ಮೆಥಡ್ಡನ್ನು ಓವರ್‌ರೈಡ್ ಮಾಡಲಾಗದು. ಸಬ್‌ಕ್ಲಾಸಿನಲ್ಲಿ ಅದೇ ಹೆಸರಿನಲ್ಲಿ ಬರೆದರೆ ಹಳೆಯದು ಮರೆಯಾಗುತ್ತದಷ್ಟೆ; ಯಾವುದು ಓಡಬೇಕೆಂಬುದು ಕಂಪೈಲ್ ಆಗುವಾಗಲೇ ನಿಶ್ಚಯವಾಗಿರುತ್ತದೆ. ಒಂದೇ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರವಾದರೆ ಆಬ್ಜೆಕ್ಟೇ ಬೇಕು. ಸುಸ್ತಿ ನಿಯಮಕ್ಕೊಂದು ಇಂಟರ್‌ಫೇಸ್ ಬರೆದು, ಒಂದೊಂದು ನಿಯಮಕ್ಕೆ ಒಂದೊಂದು ಕ್ಲಾಸ್ ಮಾಡಿದ ಮೇಲೆ ಇಫ್‌ಗಳ ಸಾಲು ಕರಗಿತು.

ಮೆಥಡ್ಡಿಗಿಂತ ಅಪಾಯ ಅದು ಮುಟ್ಟುವ ಸ್ಟ್ಯಾಟಿಕ್ ಫೀಲ್ಡಿನಲ್ಲಿ. ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನ ಒಂದೇ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಫೀಲ್ಡಿನಲ್ಲಿಟ್ಟು ಹಲವು ಥ್ರೆಡ್‌ಗಳು ಒಮ್ಮೆಗೇ ಬಳಸಿದರೆ ಒಬ್ಬರ ರಶೀದಿಯಲ್ಲಿ ಇನ್ನೊಬ್ಬರ ತಾರೀಕು ಬೀಳಬಹುದು, ಏಕೆಂದರೆ ಅದು ತನ್ನೊಳಗಿನ ಒಂದೇ ಕ್ಯಾಲೆಂಡರನ್ನು ತಿದ್ದಿತಿದ್ದಿ ಕೆಲಸ ಮಾಡುತ್ತದೆ. 2014ರಲ್ಲಿ ಬಂದ ಜಾವಾ 8ರ ಡೇಟ್‌ಟೈಮ್‌ಫಾರ್ಮ್ಯಾಟರ್ ಒಮ್ಮೆ ಕಟ್ಟಿದ ಮೇಲೆ ಬದಲಾಗುವುದಿಲ್ಲ. ಅದನ್ನು ಧಾರಾಳವಾಗಿ ಸ್ಟ್ಯಾಟಿಕ್ ಫೈನಲ್ ಮಾಡಿ ಎಲ್ಲರೂ ಹಂಚಿಕೊಳ್ಳಬಹುದು.