ಕಪ್ಪು ಮುಸುಕಿನ ಕಥೆಯನ್ನು ಓದುವುದು ಹೇಗೆ?

ಕಥೆಯಲ್ಲಿ ಒಂದು ವಸ್ತು ಮತ್ತೆ ಮತ್ತೆ ಕಾಣಿಸಿಕೊಂಡರೆ, ಅದರ ಅರ್ಥ ಏನಿರಬಹುದು ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಅದರ ಬದಲು, ಆ ವಸ್ತು ಬಂದ ಮೇಲೆ ಜನ ಹೇಗೆ ಬದಲಾದರು ಎಂದು ನೋಡಿದರೆ ಸಂಕೇತ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಭ್ಯಾಸಕ್ಕೆ ಅಮೆರಿಕದ ನಥಾನಿಯಲ್ ಹಾಥಾರ್ನ್ ಬರೆದ ‘ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್’ ಒಳ್ಳೆಯ ಕಥೆ. 1837ರ ‘ಟ್ವೈಸ್ ಟೋಲ್ಡ್ ಟೇಲ್ಸ್’ ಸಂಕಲನದಲ್ಲಿದೆ; ಒಂದೇ ಪಟ್ಟಿಗೆ ಓದಿ ಮುಗಿಸಬಹುದು.

ಹಂತ 1: ಸುಮ್ಮನೆ ಓದಿ
ಮೊದಲ ಸಲ ಗೆರೆ ಎಳೆಯಬೇಡಿ. ಕಥೆ ಇಷ್ಟು: ಮಿಲ್‌ಫೋರ್ಡ್ ಊರಿನ ಪಾದ್ರಿ ಹೂಪರ್ ಒಂದು ಭಾನುವಾರ ಮುಖಕ್ಕೆ ಕಪ್ಪು ಮುಸುಕು ಹಾಕಿಕೊಂಡು ಚರ್ಚಿಗೆ ಬರುತ್ತಾನೆ. ಸಾಯುವವರೆಗೂ ಅದನ್ನು ತೆಗೆಯುವುದಿಲ್ಲ. ಕಾರಣವನ್ನೂ ಬಿಡಿಸಿ ಹೇಳುವುದಿಲ್ಲ.

ಹಂತ 2: ವಸ್ತುವನ್ನು ವಸ್ತುವಾಗಿಯೇ ನೋಡಿ
ಅರ್ಥಕ್ಕೆ ಕೈಹಾಕುವ ಮೊದಲು ಮುಸುಕಿನ ವಿವರ ಬರೆದುಕೊಳ್ಳಿ. ಎರಡು ಮಡಿಕೆಯ ಕ್ರೇಪ್ ಬಟ್ಟೆ. ಬಾಯಿ, ಗಲ್ಲ ಬಿಟ್ಟರೆ ಉಳಿದ ಮುಖವೆಲ್ಲ ಮರೆ. ಉಸಿರಾಡಿದಾಗ ಅಲುಗುತ್ತದೆ. ಒಳಗಿನಿಂದ ನೋಡುವ ಅವನಿಗೆ ಲೋಕವೆಲ್ಲ ಕಪ್ಪಾಗಿ ಕಾಣುತ್ತದೆ. ಹೆಂಗಸರು ಟೋಪಿಗೆ ಹಾಕಿಕೊಳ್ಳುವಂಥ ಸಾಧಾರಣ ಬಟ್ಟೆ ಇವನ ಮುಖದ ಮೇಲೆ ಹೇಗೆ ಭಯ ಹುಟ್ಟಿಸುತ್ತದಲ್ಲ ಎಂದು ಊರಿನ ಹೆಂಗಸೊಬ್ಬಳೇ ಬೆರಗಾಗುತ್ತಾಳೆ. ಈ ಮಾತಿಗೆ ಗುರುತು ಹಾಕಿ: ಭಯ ಬಟ್ಟೆಯಲ್ಲಿಲ್ಲ, ನೋಡುವವರಲ್ಲಿದೆ.

ಹಂತ 3: ದೂರವನ್ನು ಅಳೆಯಿರಿ
ಕಥೆಯ ಜೀವಾಳ ಇಲ್ಲಿದೆ, ನಿಧಾನವಾಗಿ ಮಾಡಿ. ಹಾಳೆಯಲ್ಲಿ ಎರಡು ಕಾಲಂ ಹಾಕಿ: ಎದುರಾದವರು ಯಾರು, ಅವರು ಮಾಡಿದ್ದೇನು.

- ಸಭಿಕರು: ಅಂದಿನ ಉಪದೇಶ ಗುಪ್ತ ಪಾಪದ ಬಗ್ಗೆ. ತಮ್ಮ ಒಳಗುಟ್ಟು ಅವನಿಗೆ ತಿಳಿದುಹೋಯಿತೆಂದು ಒಬ್ಬೊಬ್ಬರೂ ನಡುಗುತ್ತಾರೆ.
- ಸ್ಕ್ವೈರ್ ಸಾಂಡರ್ಸ್: ಅವನನ್ನು ಊಟಕ್ಕೆ ಕರೆಯಲು ‘ಮರೆಯುತ್ತಾನೆ’.
- ಊರ ಪ್ರತಿನಿಧಿಗಳು: ಕಾರಣ ಕೇಳಲು ಹೋಗಿ ಬಾಯಿ ಬಿಡದೆ ವಾಪಸಾಗುತ್ತಾರೆ.
- ಎಲಿಜಬೆತ್: ಅವನ ಕೈ ಹಿಡಿಯಬೇಕಾದವಳು. ಒಂದೇ ಒಂದು ಸಲ ಮುಖ ತೋರಿಸು ಎನ್ನುತ್ತಾಳೆ. ಅವನು ಒಪ್ಪದಿದ್ದಾಗ ಹೊರಟುಹೋಗುತ್ತಾಳೆ.
- ಮಕ್ಕಳು: ಅವನನ್ನು ಕಂಡರೆ ಆಟ ಬಿಟ್ಟು ಓಡುತ್ತಾರೆ.

ಪಟ್ಟಿ ಮುಗಿದಾಗ ಒಂಟಿತನ ಎಂಬುದು ಬರೀ ಮಾತಾಗಿ ಉಳಿಯುವುದಿಲ್ಲ. ಊಟದ ಮನೆ, ಮದುವೆ, ಬೀದಿ ಒಂದೊಂದಾಗಿ ಕೈಬಿಟ್ಟುಹೋಗುವ ಬಗೆ ಕಣ್ಣಿಗೆ ಕಟ್ಟುತ್ತದೆ.

ಹಂತ 4: ಪಟ್ಟಿಗೆ ಒಗ್ಗದ್ದನ್ನು ಹುಡುಕಿ
ಎಲ್ಲರೂ ದೂರ ಸರಿಯುವುದಿಲ್ಲ. ಸಾಯುತ್ತಿರುವ ಪಾಪಿಗಳು ಹೂಪರನೇ ಬರಬೇಕೆಂದು ಹಂಬಲಿಸುತ್ತಾರೆ. ಬಂದು ಬಾಗಿದಾಗ ಹೆದರುತ್ತಾರೆ. ಅವನೂ ಮುಸುಕಿಗೆ ಅಂಜುತ್ತಾನೆ: ಮದುವೆಮನೆಯಲ್ಲಿ ವಧೂವರರಿಗೆ ಶುಭ ಕೋರಲು ಬಟ್ಟಲೆತ್ತಿದವನು ಕನ್ನಡಿಯಲ್ಲಿ ತನ್ನನ್ನೇ ಕಂಡು, ದ್ರಾಕ್ಷಾರಸ ಚೆಲ್ಲಿ, ಕತ್ತಲೆಗೆ ಓಡುತ್ತಾನೆ. ‘ಮುಸುಕು ಎಂದರೆ ಪಾಪ’ ಎಂಬ ಸಮೀಕರಣ ಇಲ್ಲಿ ಕೈಕೊಡುತ್ತದೆ. ಅದು ಅವನನ್ನು ಜನರಿಂದ ದೂರ ಮಾಡುತ್ತದೆ, ನೊಂದವರಿಗೆ ಹತ್ತಿರವನ್ನೂ ಮಾಡುತ್ತದೆ.

ಹಂತ 5: ಪತ್ತೇದಾರರಾಗಬೇಡಿ
ಹೂಪರ್ ಮಾಡಿದ ತಪ್ಪೇನು? ಎಡ್ಗರ್ ಅಲನ್ ಪೋ 1842ರ ವಿಮರ್ಶೆಯಲ್ಲಿ, ಕಥೆಯಲ್ಲಿ ಶವಸಂಸ್ಕಾರವಾಗುವ ತರುಣಿಗೂ ಪಾದ್ರಿಗೂ ಗಂಟು ಹಾಕಿ, ಒಂದು ಅಪರಾಧ ನಡೆದಿದೆ ಎಂದು ಊಹಿಸಿದ. ಊಹೆಗೆ ಆಧಾರವಿಲ್ಲದಿಲ್ಲ: ಹೂಪರ್ ಹೆಣದ ಮೇಲೆ ಬಾಗಿದಾಗ ಮುಸುಕು ಜೋತುಬೀಳುತ್ತದೆ, ಅವನು ಗಡಿಬಿಡಿಯಿಂದ ಹಿಡಿದುಕೊಳ್ಳುತ್ತಾನೆ. ಆದರೆ ಹಾಥಾರ್ನ್ ಏನನ್ನೂ ಖಚಿತಪಡಿಸುವುದಿಲ್ಲ. ಒಬ್ಬನ ಒಂದು ಅಪರಾಧ ಪತ್ತೆಯಾದರೆ ಉಳಿದವರೆಲ್ಲ ನಿರಾಳವಾಗುತ್ತಾರೆ. ಕಥೆ ಆ ನಿರಾಳವನ್ನು ಯಾರಿಗೂ ಕೊಡುವುದಿಲ್ಲ.

ಹಂತ 6: ಲೇಖಕನ ಹಿನ್ನೆಲೆ ಕೊನೆಗಿರಲಿ
ಹಾಥಾರ್ನ್ (1804–1864) ಹುಟ್ಟಿದ್ದು ಮಸಾಚುಸೆಟ್ಸ್‌ನ ಸೇಲಂನಲ್ಲಿ. 1692ರ ಮಾಟಗಾತಿ ವಿಚಾರಣೆಗಳ ನ್ಯಾಯಾಧೀಶ ಜಾನ್ ಹಾಥಾರ್ನ್ ಅವನ ಪೂರ್ವಜ. ನೆರೆಯವರ ಪಾಪ ಹುಡುಕುವ ಪ್ಯೂರಿಟನ್ ಸಮಾಜ ಅವನಿಗೆ ಮನೆತನದ ಕಥೆಯೂ ಹೌದು. ಇದನ್ನು ಮೊದಲೇ ಓದಿಕೊಂಡರೆ ಕಥೆ ಬರೀ ಚರಿತ್ರೆಯ ಉದಾಹರಣೆಯಾಗಿಬಿಡುತ್ತದೆ.

ಹಂತ 7: ಮೂರು ವಾಕ್ಯ ಬರೆಯಿರಿ
ವಸ್ತು ಏನು, ಅದು ಯಾರನ್ನು ಯಾರಿಂದ ದೂರ ಮಾಡಿತು, ಯಾವ ಸನ್ನಿವೇಶ ನಿಮ್ಮ ಅರ್ಥಕ್ಕೆ ಬಗ್ಗಲಿಲ್ಲ. ಮೂರನೆಯ ವಾಕ್ಯ ಬರೆಯಲಾಗದಿದ್ದರೆ ನಾಲ್ಕನೇ ಹಂತಕ್ಕೆ ಹಿಂತಿರುಗಿ. ಬಳಿಕ ಇದೇ ಕ್ರಮವನ್ನು ಹಾಥಾರ್ನನದೇ ‘ಯಂಗ್ ಗುಡ್‌ಮನ್ ಬ್ರೌನ್’ ಕಥೆಯ ಗುಲಾಬಿ ರಿಬ್ಬನ್ನಿಗೆ ಹಚ್ಚಿ ನೋಡಿ.