ಊರಿನ ಸರಾಸರಿ ಬುದ್ಧಿ ನೋಡಿ ಕೆಲಸ ಕೊಡಬಹುದೆ?

ಪ್ರಶ್ನೆ: ಒಂದು ತಾಲೂಕಿನ ಜನರ ಸರಾಸರಿ ಬುದ್ಧಿಮಟ್ಟ ಅಳೆದಿಟ್ಟುಕೊಂಡರೆ ಕಾರ್ಖಾನೆಗೆ ನೌಕರರನ್ನು ಆರಿಸುವುದು ಸಲೀಸಾಗುವುದಿಲ್ಲವೆ?
– ಓದುಗರೊಬ್ಬರು, ಯಡೂರು

ಉತ್ತರ: ಬುದ್ಧಿ ಅಳೆಯುವ ಕೆಲಸ ನಿಮ್ಮ ಕಡೆಗೆ ಹೊಸದಲ್ಲ. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ, 1930ರ ದಶಕದಲ್ಲಿ, ವಿ. ವಿ. ಕಾಮತ್ ಎಂಬವರು ಧಾರವಾಡದಲ್ಲಿ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಕೂರಿಸಿಕೊಂಡು ಬಿನೆ ಎಂಬ ಫ್ರೆಂಚ್ ವಿಜ್ಞಾನಿಯ ಬುದ್ಧಿಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದರು. ಅವರ ಪುಸ್ತಕ 1940ರಲ್ಲಿ ಬಂತು. ಬಿನೆ–ಕಾಮತ್ ಪರೀಕ್ಷೆ ಈಗಲೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬೇರೆ ದೇಶದ ಮಗುವಿಗೆ ಹೊಲಿದ ಅಂಗಿ ನಮ್ಮ ಮಗುವಿಗೆ ಕೂರುವುದಿಲ್ಲ. ಆರು ವರ್ಷದ ನಮ್ಮ ಮಗು ಏನು ಹೇಳಬಲ್ಲದು ಎಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕಿತ್ತು. ಇಂಥ ಅಳತೆಗೋಲು ಕಟ್ಟುವುದಕ್ಕಷ್ಟೇ ಸರಾಸರಿಯ ಉಪಯೋಗ.

ಬುದ್ಧಿಮಟ್ಟದ ಸರಾಸರಿ 100 ಎಂಬುದು ಹುಡುಕಿ ಕಂಡದ್ದಲ್ಲ, ಪರೀಕ್ಷೆ ಕಟ್ಟುವವರೇ ಇಟ್ಟುಕೊಂಡ ಗುರುತು. ಯಡೂರಿನವರನ್ನೇ ಮಾದರಿಯಾಗಿ ಹಿಡಿದರೆ ಯಡೂರಿನ ಸರಾಸರಿ 100. ಮುಂಬಯಿಯವರನ್ನು ಹಿಡಿದರೆ ಮುಂಬಯಿಯದೂ 100. ಸುಮಾರು ಮೂರನೇ ಎರಡು ಪಾಲು ಜನ 85ರಿಂದ 115ರೊಳಗೆ ಹರಡಿರುತ್ತಾರೆ. ಅರ್ಜಿ ಹಿಡಿದು ನಿಂತವನು ಇದರಲ್ಲಿ ಎಲ್ಲಿದ್ದಾನೆಂದು ಅವನ ಊರಿನ ಹೆಸರು ಹೇಳೀತೆ?

ಹೇಳುತ್ತದೆ ಎಂದು ನಂಬಿದವರೂ ಇದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರಿಗೆ ಇಂಥ ಪರೀಕ್ಷೆ ಕೊಟ್ಟಿತು. ಆ ಅಂಕಗಳನ್ನು ಹಿಡಿದು ಮನೋವಿಜ್ಞಾನಿ ಕಾರ್ಲ್ ಬ್ರಿಗಮ್ 1923ರಲ್ಲಿ ಯಾವ ದೇಶದ ವಲಸಿಗರು ದಡ್ಡರು ಎಂದು ಪುಸ್ತಕವನ್ನೇ ಬರೆದ. ಪರೀಕ್ಷೆಯ ಹಲವು ಪ್ರಶ್ನೆಗಳು ಕೇಳಿದ್ದು ಅಮೆರಿಕದ ಅಂಗಡಿ ಸಾಮಾನು, ಆಟೋಟಗಳ ಸಂಗತಿ. ನಿನ್ನೆ ಹಡಗಿನಿಂದ ಇಳಿದವನಿಗೆ ಅದು ಹೇಗೆ ತಿಳಿಯಬೇಕು? 1930ರಲ್ಲಿ ಬ್ರಿಗಮ್ ತಾನೇ ಆ ತೀರ್ಮಾನವನ್ನು ಹಿಂತೆಗೆದುಕೊಂಡ.

ಒಬ್ಬೊಬ್ಬರಿಗೇ ಕೊಡುವ ಬುದ್ಧಿಪರೀಕ್ಷೆಯ ಮಾತು ಬೇರೆ. ಅದು ಕೆಲಸದ ಬಗ್ಗೆ ಒಂದಿಷ್ಟು ಹೇಳುತ್ತದೆ. ಆದರೆ ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆಯಿಂದ ಒಂದು ಸಮುದಾಯವೇ ಹೊರಗುಳಿದರೆ ಅದು ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ, ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಯ ಮೊಕದ್ದಮೆಯಲ್ಲಿ, ತೀರ್ಪಿತ್ತಿತು.

ಆದ್ದರಿಂದ ಕೆಲಸವನ್ನೇ ಪರೀಕ್ಷೆಯಾಗಿ ಕೊಡಿ. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಗೆ ಗುಮಾಸ್ತ ಬೇಕೆನ್ನಿ. ಕಬ್ಬು ತುಂಬಿದ ಟ್ರ್ಯಾಕ್ಟರಿನ ತೂಕ, ಖಾಲಿ ಟ್ರ್ಯಾಕ್ಟರಿನ ತೂಕ ಎರಡನ್ನೂ ಕೊಟ್ಟು ಚೀಟಿ ಬರೆಸಿ. ಒಂದರಲ್ಲಿ ಬೇಕೆಂದೇ ಅಂಕಿ ತಪ್ಪಿಸಿಡಿ, ಹಿಡಿಯುತ್ತಾನೋ ನೋಡಿ. ತೂಕ ಕಮ್ಮಿ ಬಂತೆಂದು ರೈತ ಜಗಳಕ್ಕೆ ನಿಂತರೆ ಏನು ಮಾಡುತ್ತೀ ಎಂದು ಕೇಳಿ. ಬಂದವರಿಗೆಲ್ಲ ಅದೇ ಚೀಟಿ, ಅದೇ ಪ್ರಶ್ನೆ ಇರಲಿ, ಅಂಕ ಆಗಿಂದಾಗಲೇ ಬರೆದಿಡಿ.