ಗೋಏಲ್ ಎಂಬ ಇಬ್ರಿಯ ಮಾತು

ಓದತಕ್ಕ ಭಾಗಗಳು: ಯಾಜಕಕಾಂಡ 25:23-55, ರೂತಳು 2ರಿಂದ 4ನೆಯ ಅಧ್ಯಾಯಗಳು.

ಹಳೇ ಒಡಂಬಡಿಕೆಯು ಸ್ವಲ್ಪ ಭಾಗದ ಹೊರತು ಇಬ್ರಿಯ ಭಾಷೆಯಲ್ಲಿ ಬರೆಯಲ್ಪಟ್ಟಿತು. ಆ ಭಾಷೆಯನ್ನೂ ಆ ಪೂರ್ವಕಾಲದ ಜನರ ಪದ್ಧತಿಗಳನ್ನೂ ಕಲಿಯುವದರಿಂದ ಹಳ್ಳಿಯ ಸಭೆಗೆ ಏನು ಪ್ರಯೋಜನವೆಂದು ಕೆಲವರು ಕೇಳುವದುಂಟು. ಒಂದು ಮಾತನ್ನು ಪರೀಕ್ಷಿಸಿ ಇದಕ್ಕೆ ಉತ್ತರ ಹೇಳುವೆವು.

ಒಂದು ಹಳ್ಳಿಯಲ್ಲಿ ಸಂಜೆಯ ಪ್ರಾರ್ಥನೆ ತೀರಿದ ಮೇಲೆ ಒಬ್ಬ ಮುದುಕನು ನಮ್ಮ ಬಳಿಗೆ ಬಂದನು. ಜೀತಪದ್ಧತಿಯು 1976ರ ಕಾಯಿದೆಯಿಂದ ರದ್ದಾಗುವದಕ್ಕೆ ಮುಂಚೆ ಅವನು ಬಾಲಕನಾಗಿ ಜೀತಕ್ಕಿದ್ದವನು. ಅವನು, “ಅಯ್ಯನವರೇ, ದೇವರು ನಮ್ಮ ವಿಮೋಚಕನೆಂದು ಹಾಡುತ್ತೇವೆ. ಆಗ ಒಬ್ಬ ಸಾಹುಕಾರನ ಸಾಲವನ್ನು ಇನ್ನೊಬ್ಬ ಸಾಹುಕಾರನು ತೀರಿಸಿ ನನ್ನನ್ನು ಬಿಡಿಸಿದನು. ಆ ಮೇಲೆ ಅವನ ಹಟ್ಟಿಯಲ್ಲಿ ದುಡಿದೆನು. ದೇವರು ಬಿಡಿಸಿದ್ದೂ ಹಾಗೆಯೋ?” ಎಂದು ಕೇಳಿದನು. ಈ ಪ್ರಶ್ನೆಯು ಹಗುರವಾದದ್ದಲ್ಲ.

ಯೋಬನು ತನ್ನ ಸಂಕಟದಲ್ಲಿಯೂ ಯೆಶಾಯನು ತನ್ನ ಪ್ರವಾದನೆಯಲ್ಲಿಯೂ ವಿಮೋಚಕನೆಂದು ಕರೆಯುವಲ್ಲಿ ಮೂಲದಲ್ಲಿ ಗೋಏಲ್ ಎಂಬ ಮಾತು ಇದೆ. ಹಣ ಕೊಟ್ಟು ಬಿಡಿಸುವ ಯಾವನಿಗಾದರೂ ಈ ಹೆಸರು ಸಲ್ಲುತ್ತಿರಲಿಲ್ಲ. ಇಸ್ರಾಯೇಲಿನ ಧರ್ಮಶಾಸ್ತ್ರದಲ್ಲಿ ಗೋಏಲ್ ಅಂದರೆ ಹತ್ತಿರದ ರಕ್ತಸಂಬಂಧಿಯು. ಒಬ್ಬನು ಬಡವನಾಗಿ ಹೊಲವನ್ನು ಮಾರಿದರೆ ಅದನ್ನು ಬಿಡಿಸುವದು ಇವನ ಕರ್ತವ್ಯವು. ಒಬ್ಬನು ಪರದೇಶಿಗೆ ತನ್ನನ್ನೇ ಮಾರಿಕೊಂಡರೆ ಅಣ್ಣತಮ್ಮನಾಗಲಿ ಚಿಕ್ಕಪ್ಪನಾಗಲಿ ಅವನ ಮಗನಾಗಲಿ ಬಿಡಿಸಬಹುದಾಗಿತ್ತು. ಬೆಲೆ ಕೊಟ್ಟು ಬಿಡಿಸುವದಕ್ಕೆ ಪಾದಾ ಎಂಬ ಬೇರೆ ಮಾತು ಇಬ್ರಿಯದಲ್ಲಿದೆ. ಅದಕ್ಕೆ ಬಂಧುತ್ವವು ಅಗತ್ಯವಲ್ಲ. ಭಾಷಾಂತರದಲ್ಲಿ ಈ ಭೇದವು ಹಲವು ವೇಳೆ ಮರೆಯಾಗುತ್ತದೆ.

ಈಗ ರೂತಳ ಚರಿತ್ರೆಯನ್ನು ನೋಡಿರಿ. ಅವಳು ಮೋವಾಬ್ಯಳು, ವಿಧವೆ, ತನ್ನ ಜನರನ್ನು ಬಿಟ್ಟು ಬಂದವಳು. ಹಕ್ಕಲಾಯುವ ಹೊಲದಲ್ಲಿ ಬೋವಜನು, ನೀನು ಇಸ್ರಾಯೇಲಿನ ದೇವರ ರೆಕ್ಕೆಯ ಮರೆಯನ್ನು ಹೊಕ್ಕಿದ್ದೀ ಎಂಬ ಅರ್ಥದಿಂದ ಅವಳನ್ನು ಹರಸಿದನು. ಬಳಿಕ ಕಣದಲ್ಲಿ ರಾತ್ರಿವೇಳೆ ಅವಳು ಅವನಿಗೆ, ನೀನು ಗೋಏಲ್ ಆಗಿರುವದರಿಂದ ನಿನ್ನ ಸೆರಗನ್ನು ನನ್ನ ಮೇಲೆ ಹೊದಿಸು ಎಂದು ಬಿನ್ನೈಸಿದಳು. ಇದು ವಿವಾಹದ ಬೇಡಿಕೆಯು. ರೆಕ್ಕೆ ಎಂಬದಕ್ಕೂ ಸೆರಗು ಎಂಬದಕ್ಕೂ ಮೂಲದಲ್ಲಿ ಒಂದೇ ಮಾತು: ಕಾನಾಫ್. ಬೋವಜನು ದೇವರಿಂದ ಅವಳಿಗೆ ದೊರೆಯಲೆಂದು ಹಾರೈಸಿದ ಆಶ್ರಯವನ್ನು ಅವನ ಕೈಯಿಂದಲೇ ದೊರಕಿಸಬೇಕೆಂದು ಅವಳು ಕೇಳಿದಳು.

ಅವನಿಗಿಂತ ಹತ್ತಿರದ ಬಂಧು ಮತ್ತೊಬ್ಬನಿದ್ದನು. ಊರಬಾಗಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಅವನು ಮೊದಲು ಒಪ್ಪಿದರೂ, ರೂತಳ ವಿಷಯ ಕೇಳಿದ ಮೇಲೆ ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು ಹಿಂಜರಿದು ತನ್ನ ಕೆರವನ್ನು ತೆಗೆದುಕೊಟ್ಟನು. ಅವನ ಹೆಸರನ್ನು ಗ್ರಂಥವು ತಿಳಿಸುವದಿಲ್ಲ. ಇಬ್ರಿಯದಲ್ಲಿ ‘ಇಂಥವನು’ ಎಂದಷ್ಟೇ ಇದೆ. ಬೋವಜನು ನಷ್ಟವನ್ನು ಎಣಿಸದೆ ಬಿಡಿಸಿದನು. ರೂತಳು ಅವನಿಗೆ ಆಳಾಗದೆ ಹೆಂಡತಿಯಾದಳು, ದಾವೀದನ ಮುತ್ತಜ್ಜಿಯಾದಳು.

ಮುದುಕನಿಗೆ ನಾವು ಇದನ್ನೇ ವಿವರಿಸಿದೆವು. ನಾವು ದೇವರ ಸೇವಕರೆಂಬದು ನಿಜವೇ. ಆದರೆ ಆತನು ನಮ್ಮನ್ನು ಬಿಡಿಸಿದ್ದು ಸಾಲಗಾರನನ್ನು ಕೊಂಡ ಸಾಹುಕಾರನ ಹಾಗಲ್ಲ, ಬಂಧುವಿನ ಹಾಗೆ. ಐಗುಪ್ತದಲ್ಲಿದ್ದ ಇಸ್ರಾಯೇಲನ್ನು ಆತನು ತನ್ನ ಚೊಚ್ಚಲ ಮಗನೆಂದು ಕರೆದ ಮೇಲೆಯೇ ಬಿಡಿಸಿದನು. ನಮ್ಮ ಕರ್ತನು ರಕ್ತಮಾಂಸಗಳಲ್ಲಿ ಪಾಲುಗಾರನಾಗಿ ನಮ್ಮನ್ನು ಸಹೋದರರೆಂದು ಕರೆಯಲು ನಾಚಿಕೆಪಡುವದಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಸಾರುತ್ತದೆ. ಮುದುಕನು ಬಹಳ ಹೊತ್ತು ಸುಮ್ಮನಿದ್ದು, “ದೀಕ್ಷಾಸ್ನಾನವಾದ ದಿವಸದಿಂದ ನನ್ನ ಅಣ್ಣನು ನನ್ನ ಮನೆಯ ಹೊಸ್ತಿಲು ದಾಟಲಿಲ್ಲ. ಹಾಗಾದರೆ ನನಗೆ ನೆಂಟನಿದ್ದಾನೆ” ಅಂದನು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೊಂದವನಿಗೆ ಮುಯ್ಯಿ ತೀರಿಸುವ ಬಂಧುವಿಗೂ ಅರಣ್ಯಕಾಂಡದಲ್ಲಿ ಇದೇ ಹೆಸರುಂಟು. ಆದಕಾರಣ ಒಂದು ಮಾತಿನ ಎಲ್ಲಾ ಅರ್ಥಗಳನ್ನು ಪ್ರತಿಯೊಂದು ವಚನಕ್ಕೆ ಹೊರಿಸಬಾರದು. ಹಿಂದುಮುಂದಿನ ವಚನಗಳನ್ನು ನೋಡಿ ನಿರ್ಣಯಿಸಬೇಕು. ಇಬ್ರಿಯವನ್ನು ಅರಿಯದವನಿಗೆ ರಕ್ಷಣೆ ಇಲ್ಲವೆಂದೂ ಯಾರೂ ಭಯಪಡಬಾರದು. ಕನ್ನಡ ಸತ್ಯವೇದವು ರಕ್ಷಣೆಯ ಮಾರ್ಗವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದರೂ ನಿಮ್ಮ ಯೌವನಸ್ಥರಲ್ಲಿ ಒಬ್ಬನಾದರೂ ಆ ಇಪ್ಪತ್ತೆರಡು ಅಕ್ಷರಗಳನ್ನು ಕಲಿತರೆ ಇಡೀ ಸಭೆಗೆ ಲಾಭವಾಗುವದು.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:
1. ಹತ್ತಿರದ ಬಂಧುವು ಯಾಕೆ ಹಿಂಜರಿದನು? ಬೋವಜನು ಯಾಕೆ ಹಿಂಜರಿಯಲಿಲ್ಲ?
2. ದೇವರು ಬಂಧುವಾಗಿ ಬಿಡಿಸುವದಕ್ಕೂ ಒಡೆಯನೊಬ್ಬನು ಕೊಂಡುಕೊಳ್ಳುವದಕ್ಕೂ ಏನು ಭೇದ?
3. ನೆಂಟರು ಕೈಬಿಟ್ಟವರು ನಮ್ಮ ಸಭೆಯಲ್ಲಿದ್ದಾರೋ? ಅವರ ಮೇಲೆ ನಾವು ಸೆರಗನ್ನು ಹೊದಿಸಿದ್ದೇವೋ?